ಬಫಲೋದಲ್ಲಿ ಮನೆ ಮಾಡುವ ಮುನ್ನ ಗಾಳಿಯ ದಿಕ್ಕು ನೋಡಿ

ಆಫೀಸು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕೆ ಉತ್ತರದ ಅಮ್ಹರ್ಸ್ಟ್‌ನಲ್ಲಿ, ಮನೆ ನೋಡಿರುವುದು ದಕ್ಷಿಣದ ಆರ್ಚರ್ಡ್ ಪಾರ್ಕ್‌ನಲ್ಲಿ, ನಡುವೆ ಅರ್ಧ ಗಂಟೆಯ ದಾರಿ, ಸ್ನೋ ಎರಡೂ ಕಡೆ ಒಂದೇ ತಾನೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಆಗುಂಬೆಯಲ್ಲಿ ಜಡಿಮಳೆ ಹಿಡಿದಾಗ ಕಡೂರಿನಲ್ಲಿ ಬಟ್ಟೆ ಒಣಗುವುದಿಲ್ಲವೇ, ಹಾಗೆ. 2014ರ ನವೆಂಬರ್‌ನಲ್ಲಿ ಬಫಲೋದ ದಕ್ಷಿಣದ ಊರುಗಳಲ್ಲಿ 5 ಅಡಿಗೂ ಮೀರಿ ಸ್ನೋ ಬಿತ್ತು. ನಗರದ ಉತ್ತರದ ಅಂಚಿನಲ್ಲಿ ಬಿದ್ದದ್ದು ಕೆಲವೇ ಇಂಚು.

ಇದೆಲ್ಲ ಈರಿ ಸರೋವರದ ಆಟ. ಬಫಲೋ ಇರುವುದು ಅದರ ಪೂರ್ವ ತುದಿಯಲ್ಲಿ. ನವೆಂಬರ್ ನಡುವಿನಲ್ಲೂ ಅದರ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಂದೂವರೆ ಕಿ.ಮೀ. ಎತ್ತರದ ಗಾಳಿ ನೀರಿಗಿಂತ 13 ಡಿಗ್ರಿಯಷ್ಟು ತಣ್ಣಗಿದ್ದರೆ ಸಾಕು, ನೀರಿನ ಶಾಖ, ತೇವ ಎರಡನ್ನೂ ಹೀರಿದ ಕೆಳಗಿನ ಗಾಳಿ ಉಕ್ಕಿ ಮೋಡವಾಗುತ್ತದೆ. ಗಾಳಿ ನೈಋತ್ಯದಿಂದ ಬಂದರೆ ಸರೋವರದ ಸುಮಾರು 388 ಕಿ.ಮೀ. ಉದ್ದಕ್ಕೂ ನೀರಿನ ಮೇಲೇ ಬರುತ್ತದೆ. ಆಗ ಮೋಡವೆಲ್ಲ ಒಂದೇ ಪಟ್ಟಿಯಾಗಿ ಕೂಡಿಕೊಳ್ಳುತ್ತದೆ. ಅಗಲ 10-30 ಕಿ.ಮೀ. ಇರಬಹುದು, ಅಷ್ಟೇ. ಆದರೆ ಅದರೊಳಗೆ ಗಂಟೆಗೆ 2-3 ಇಂಚು ಸುರಿಯುತ್ತದೆ, ಒಮ್ಮೊಮ್ಮೆ ಗುಡುಗುತ್ತದೆ ಕೂಡ.

ಆದ್ದರಿಂದ ಮುನ್ಸೂಚನೆಯಲ್ಲಿ ಉಷ್ಣಾಂಶಕ್ಕಿಂತ ಮೊದಲು ಗಾಳಿ ನೋಡಿ. ನೈಋತ್ಯದ ಗಾಳಿಗೆ ಪಟ್ಟಿ ನಗರ, ಅಮ್ಹರ್ಸ್ಟ್ ಕಡೆ ಇರುತ್ತದೆ. ಗಾಳಿ ಪಶ್ಚಿಮದಿಂದ ಬೀಸತೊಡಗಿದಂತೆ ಆ ಪಟ್ಟಿ ದಕ್ಷಿಣಕ್ಕೆ, ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್ ಕಡೆ ಜಾರುತ್ತದೆ. ಅಲ್ಲಿ ನೆಲ ಏರುವುದರಿಂದ ಇನ್ನಷ್ಟು ಬೀಳುತ್ತದೆ. ಆಫೀಸಿನ ಕಿಟಕಿಯಲ್ಲಿ ಬಿಸಿಲು ಕಂಡಿತೆಂದು ಹೊರಟುಬಿಡಬೇಡಿ. ಪಟ್ಟಿಯೊಳಗೆ ಹೊಕ್ಕ ಒಂದೇ ನಿಮಿಷಕ್ಕೆ ಮುಂದಿನ ಕಾರು ಕಾಣುವುದಿಲ್ಲ.

ಈರಿಯ ಸರಾಸರಿ ಆಳ ಬರೀ 19 ಮೀಟರ್, ಹಾಗಾಗಿ ಚಳಿ ಜೋರಿದ್ದ ವರ್ಷ ಜನವರಿ-ಫೆಬ್ರವರಿ ಹೊತ್ತಿಗೆ ಹೆಪ್ಪುಗಟ್ಟುತ್ತದೆ. ಆಮೇಲೆ ಈ ಪಟ್ಟಿಗಳ ಕಾಟ ತಗ್ಗುತ್ತದೆ. ಹಾಗೆಂದು ಮೈಮರೆಯುವಂತಿಲ್ಲ: 1977ರ ಜನವರಿಯ ಬಿರುಗಾಳಿಯಲ್ಲಿ ಹೊಸದಾಗಿ ಬಿದ್ದದ್ದು ಸುಮಾರು ಒಂದಡಿ, ಊರನ್ನು ಹೂತದ್ದು ಸರೋವರದ ಮಂಜುಗಡ್ಡೆಯ ಮೇಲಿಂದ ಹಾರಿಬಂದ ಹಳೇ ಸ್ನೋ. ಒಂಟಾರಿಯೊ ಸರೋವರ ಆಳವಾದದ್ದು, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಅದರ ದಂಡೆಯ ಆಸ್ವೀಗೋ ಕಡೆಯವರಿಗೆ ಮಾರ್ಚ್‌ವರೆಗೂ ಬಿಡುವಿಲ್ಲ.

ಮನೆ ನೋಡುವಾಗ ಫರ್ನೇಸ್‌ನ (ಮನೆ ಬೆಚ್ಚಗಿಡುವ ಒಲೆಯ) ಹೊಗೆ ಪೈಪು ಗೋಡೆಯಿಂದ ಎಷ್ಟು ಎತ್ತರದಲ್ಲಿ ಹೊರಬಂದಿದೆ ನೋಡಿ. ನೆಲದಿಂದ ಒಂದಡಿ ಮೇಲಿದ್ದರೆ ಒಂದೇ ರಾತ್ರಿಗೆ ಮುಚ್ಚಿಹೋಗಬಹುದು: ಫರ್ನೇಸ್ ನಿಲ್ಲುತ್ತದೆ, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಒಳಗೆ ತುಂಬುತ್ತದೆ. ಅದರ ಅಲಾರ್ಮ್ ಮಲಗುವ ಕೋಣೆಯ ಹತ್ತಿರ ಇರಲೇಬೇಕು. ಕಾರು ಸಿಕ್ಕಿಬಿದ್ದರೂ ಇದೇ ಅಪಾಯ. ಮೊದಲು ಸೈಲೆನ್ಸರ್ ಬಾಯಿಯ ಸ್ನೋ ತೆಗೆಯಿರಿ, ಎಂಜಿನ್ ಗಂಟೆಗೆ 10 ನಿಮಿಷ ಮಾತ್ರ ಓಡಿಸಿ, ಗಾಳಿ ಬೀಸದ ಬದಿಯ ಕಿಟಕಿ ಬೆರಳಷ್ಟು ತೆರೆದಿಡಿ, ಕಾರು ಬಿಟ್ಟು ನಡೆದುಹೋಗಬೇಡಿ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ ಇರಲಿ. ಕೌಂಟಿಯವರು (ಅಲ್ಲಿನ ಜಿಲ್ಲಾಡಳಿತ) ಟ್ರಾವೆಲ್ ಬ್ಯಾನ್, ಅಂದರೆ ವಾಹನ ಸಂಚಾರ ನಿಷೇಧ, ಹಾಕಿದ ದಿನ ಕಾರು ತೆಗೆದರೆ ದಂಡ ಬೀಳಬಹುದು. ಆ ದಿನ ಮನೆಯಿಂದಲೇ ಕೆಲಸ ಎಂದು ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿಕೊಳ್ಳಿ.