ನಿನ್ನೆ ಏನು ಮಾಡಿದಿರಿ ಅಂತ ಕೇಳಿ

ಓದುಗರ ಪತ್ರ:

"ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಕೆರಿಯರ್ ಬಗ್ಗೆ ದಾರಿ ತೋರಿಸುವ ಕೆಲಸವೂ ಈ ಸಲ ನನ್ನ ಪಾಲಿಗೆ ಬಂದಿದೆ. ಆಸಕ್ತಿ ಪರೀಕ್ಷೆ ಮಾಡಿಸಿದೆ. ದೊಡ್ಡ ಹುದ್ದೆಯಲ್ಲಿರುವವರನ್ನು ಕರೆಸಿ ಮಾತಾಡಿಸಿದೆ. ಆದರೂ 'ಮುಂದೇನು?' ಅಂದರೆ ತಲೆ ತಗ್ಗಿಸುವವರೇ ಜಾಸ್ತಿ. ಮೊನ್ನೆ ಕೆಮಿಸ್ಟ್ರಿ ಓದುವ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, 'ನನಗೆ ಬರೆಯೋದು ಇಷ್ಟ. ಮೂರು ವರ್ಷ ಹಾಳು ಮಾಡಿಕೊಂಡೆ' ಎಂದು ಅತ್ತಳು. ಇವರಿಗೆಲ್ಲ ನಾನೇನು ಹೇಳಲಿ?"

ಸಂಪಾದಕರ ಉತ್ತರ:

ಮೇಡಂ, ಆ ಹುಡುಗಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನನ್ನ ಕಥೆ ಸ್ವಲ್ಪ ಕೇಳಿ.

ಕಾಲೇಜಿನಲ್ಲಿದ್ದಾಗ ನಾನು ವರದಿಗಾರನಾಗಬೇಕು ಅಂದುಕೊಂಡಿದ್ದೆ. ಕಾರಣ ಕೇಳಿದರೆ ನಗುತ್ತೀರಿ. ಸುದ್ದಿಯ ತಲೆ ಮೇಲೆ ಹೆಸರು ಬರುತ್ತದಲ್ಲ, ಅದಕ್ಕೆ. ವರದಿಗಾರನ ದಿನ ಹೇಗಿರುತ್ತದೆ ಅಂತ ನಾನು ಯಾರನ್ನೂ ಕೇಳಲಿಲ್ಲ. ಕೆಲಸ ಸಿಕ್ಕಿದ ಮೇಲೆ ಗೊತ್ತಾಯಿತು. ಮುಚ್ಚಿದ ಬಾಗಿಲ ಮುಂದೆ ಗಂಟೆಗಟ್ಟಲೆ ಕಾಯಬೇಕು. ಗುರುತಿಲ್ಲದವರಿಗೆ ಫೋನ್ ಮಾಡಬೇಕು. ದುಃಖದಲ್ಲಿರುವವರನ್ನು ಪ್ರಶ್ನೆ ಕೇಳಬೇಕು. ನಾನೋ ನಂಬರ್ ಒತ್ತಿ, ಅತ್ತ ರಿಂಗ್ ಆಗುವ ಮೊದಲೇ ಇಟ್ಟುಬಿಡುತ್ತಿದ್ದೆ. ಎಂಟು ತಿಂಗಳು ಹೀಗೇ ಹೋಯಿತು. ಒಂದು ಸಂಜೆ ಡೆಸ್ಕ್‌ನಲ್ಲಿ ಅಂದರೆ ವರದಿ ತಿದ್ದುವ ವಿಭಾಗದಲ್ಲಿ ಜನ ಕಡಿಮೆ ಇದ್ದರು. ಯಾರೋ ಬರೆದ ಉದ್ದನೆ ವರದಿಯನ್ನು ತಿದ್ದಲು ನನ್ನನ್ನು ಕೂರಿಸಿದರು. ತಲೆ ಎತ್ತಿ ನೋಡಿದಾಗ ರಾತ್ರಿ ಹನ್ನೊಂದು. ಊಟ ಮಾಡಿಲ್ಲ ಅನ್ನೋದೇ ಮರೆತಿತ್ತು. ಬೇರೆಯವರ ವಾಕ್ಯ ತಿದ್ದುವುದೇ ಒಂದು ಪೂರ್ತಿ ಕೆಲಸ, ಅದನ್ನೇ ಮಾಡಿಕೊಂಡು ಬದುಕಬಹುದು ಅಂತ ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ನಿಮ್ಮ ಮಕ್ಕಳ ಕಷ್ಟವೂ ಇದೇ ಅಂತ ನನ್ನ ಗುಮಾನಿ. ಅವರಿಗೆ ಗೊತ್ತಿರುವುದು ಹುದ್ದೆಗಳ ಹೆಸರು. ಆ ಹೆಸರಿನ ಹಿಂದೆ ದಿನವಿಡೀ ನಡೆಯುವ ಕೆಲಸ ಗೊತ್ತಿಲ್ಲ. ಹತ್ತಿಪ್ಪತ್ತು ಹೆಸರು ಮುಂದಿಟ್ಟು ಒಂದನ್ನು ಆರಿಸು ಅಂದರೆ ತಲೆ ತಗ್ಗಿಸದೆ ಇನ್ನೇನು ಮಾಡುತ್ತಾರೆ?

ಆಸಕ್ತಿ ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ. ಆದರೆ ಅದು ಎಲ್ಲಿಯವರೆಗೆ ಕೈ ಹಿಡಿಯುತ್ತದೆ ಅಂತ ತಿಳಿದಿರಲಿ. ಇಂಥ ಬಹಳಷ್ಟು ಪರೀಕ್ಷೆಗಳ ಹಿಂದೆ ಇರುವುದು ಜಾನ್ ಹಾಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ವಿಚಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯಕ್ಕೆ ಬಂದವರನ್ನು ಸಂದರ್ಶನ ಮಾಡುವ ಕೆಲಸದಲ್ಲಿದ್ದರು. ಜನರ ಒಲವುಗಳನ್ನು ಕೆಲವೇ ಗುಂಪುಗಳಲ್ಲಿ ಇಡಬಹುದು ಅಂತ ಅವರಿಗೆ ಅನ್ನಿಸಿತು. 1959ರಲ್ಲಿ ಅದನ್ನು ಸಿದ್ಧಾಂತವಾಗಿ ಪ್ರಕಟಿಸಿದರು. ಕೈಯಿಂದ ಮಾಡುವವರು, ಹುಡುಕಿ ನೋಡುವವರು, ಕಲೆಯ ಕಡೆಯವರು, ಜನರಿಗೆ ನೆರವಾಗುವವರು, ಮುಂದೆ ನಿಂತು ಮಾಡಿಸುವವರು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವವರು ಅಂತ ಈಗ ಬಳಕೆಯಲ್ಲಿರುವ ಗುಂಪುಗಳು ಆರು. ಯೋಚನೆ ಚೆನ್ನಾಗಿದೆ. ತೊಡಕಿರುವುದು ಬೇರೆ ಕಡೆ. 'ಯಂತ್ರ ರಿಪೇರಿ ಮಾಡುವುದು ಇಷ್ಟವೇ?' ಅಂತ ಪರೀಕ್ಷೆ ಕೇಳುತ್ತದೆ. ಜನ್ಮದಲ್ಲಿ ಸ್ಕ್ರೂಡ್ರೈವರ್ ಹಿಡಿಯದ ಹುಡುಗ 'ಇಲ್ಲ' ಅಂತ ಗುರುತು ಹಾಕುತ್ತಾನೆ. ಪರೀಕ್ಷೆಯೂ ಅವನಿಗೆ ಅದನ್ನೇ ವಾಪಸ್ ಹೇಳುತ್ತದೆ. ಅವನು ಮುಟ್ಟಿ ನೋಡಿಲ್ಲದ ಕೆಲಸದ ಬಗ್ಗೆ ಪಾಪ, ಅದಾದರೂ ಏನು ಹೇಳೀತು?

ದೊಡ್ಡವರ ಭಾಷಣದ ಬಗ್ಗೆ ಒಂದೇ ಮಾತು. ಗೆದ್ದವರು ಗೆದ್ದ ಕಥೆ ಹೇಳುತ್ತಾರೆ. ದೂರದ ಬೆಟ್ಟ ನುಣ್ಣಗೆ. ಅದು ಕಲ್ಲುಮುಳ್ಳು ತೋರಿಸುವ ಹೊತ್ತಲ್ಲ.

ನಾನು ಹೇಳುವ ದಾರಿ ತೀರ ಸಾದಾ. ಪ್ರತಿ ವಿದ್ಯಾರ್ಥಿಯೂ ಮೂರು ಬೇರೆ ಬೇರೆ ಕೆಲಸದವರನ್ನು ಕಂಡು, ಇಪ್ಪತ್ತು ನಿಮಿಷ ಮಾತಾಡಿಕೊಂಡು ಬರಲಿ. ಮೂವತ್ತು ವರ್ಷದ ಅನುಭವಿಗಳು ಬೇಡ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆದವರು ಸಾಕು. 'ನಿಮ್ಮ ಕೆಲಸ ಹೇಗಿದೆ?' ಅಂತ ಕೇಳಬಾರದು. 'ಚೆನ್ನಾಗಿದೆ' ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. 'ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?' ಅಂತ ಕೇಳಬೇಕು.

ಈ 'ನಿನ್ನೆ' ಬಿಡಬೇಡಿ. ನಿನ್ನೆಯದನ್ನು ಕೇಳಿದರೆ ಜಂಬ ಕೊಚ್ಚಿಕೊಳ್ಳುವುದು ಕಷ್ಟ. ವಕೀಲೆಯೊಬ್ಬರು, 'ಮೂರು ಗಂಟೆ ಕಾದೆ, ಕೇಸು ಮುಂದಕ್ಕೆ ಹೋಯಿತು, ಆಮೇಲೆ ಹಳೇ ಕಡತ ಓದಿದೆ' ಅನ್ನಬಹುದು. ಸಾಫ್ಟ್‌ವೇರ್‌ನವರು ಹೊಸ ಕೋಡ್ ಬರೆದದ್ದಕ್ಕಿಂತ ಹಳೆಯದನ್ನು ಅರ್ಥ ಮಾಡಿಕೊಳ್ಳಲು ಕೂತದ್ದೇ ಜಾಸ್ತಿ ಇರಬಹುದು. ನರ್ಸ್ ಆದವರು ರೋಗಿಯ ಪಕ್ಕ ಎಷ್ಟು ಹೊತ್ತು ಇದ್ದರು, ದಾಖಲೆ ಬರೆಯಲು ಎಷ್ಟು ಹೊತ್ತು ಹೋಯಿತು ಅಂತ ಹೇಳಿಯಾರು. ಅದನ್ನು ಕೇಳಿದ ಮೇಲೂ ಒಬ್ಬಳ ಕಣ್ಣು ಅರಳಿತು ಅಂದರೆ ಅದು ಲೆಕ್ಕಕ್ಕೆ ಬರುವ ಆಸಕ್ತಿ.

ಎರಡನೇ ಪ್ರಶ್ನೆಯೂ ಒಂದಿದೆ. 'ಈ ಕೆಲಸ ಬಿಟ್ಟು ಹೋಗುವವರು ಯಾಕೆ ಬಿಡುತ್ತಾರೆ?' ನನ್ನಿಂದ ಯಾರಾದರೂ ಆಗಲೇ ಹೀಗೆ ಕೇಳಿಸಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

'ಬೇರೆಯವರ ಅನುಭವ ನನಗೆ ಹೇಗೆ ಹೊಂದುತ್ತೆ?' ಅಂತ ಮಕ್ಕಳು ವಾದ ಮಾಡುತ್ತಾರೆ, ನೋಡಿ. ಅದಕ್ಕೆ ಒಂದು ತಮಾಷೆಯ ಉತ್ತರವಿದೆ. 2009ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಹುಡುಗಿಯರು ಒಬ್ಬ ಹುಡುಗನ ಜೊತೆ ಐದು ನಿಮಿಷ ಮಾತಾಡಬೇಕು. ಆ ಭೇಟಿ ಎಷ್ಟು ಇಷ್ಟವಾದೀತು ಅಂತ ಮೊದಲೇ ಊಹಿಸಬೇಕು. ಕೆಲವರಿಗೆ ಹುಡುಗನ ಫೋಟೋ, ವಿವರ ಕೊಟ್ಟರು. ಇನ್ನು ಕೆಲವರಿಗೆ, ಅವನನ್ನು ಆಗಲೇ ಭೇಟಿಯಾಗಿದ್ದ ಬೇರೊಬ್ಬ ಹುಡುಗಿಗೆ ಎಷ್ಟು ಇಷ್ಟವಾಯಿತು ಅನ್ನುವುದನ್ನಷ್ಟೇ ಹೇಳಿದರು. ಊಹೆ ಹೆಚ್ಚು ಸರಿಬಂದದ್ದು ಈ ಎರಡನೆಯವರದು. ಆದರೂ ಫೋಟೋ, ವಿವರವೇ ಮೇಲು ಅಂತ ಹೆಚ್ಚಿನವರ ನಂಬಿಕೆ! ಕೆಲಸದ ವಿಚಾರದಲ್ಲೂ ನಾವು ಫೋಟೋ ನೋಡಿ ಮರುಳಾಗುವವರೇ ಅಲ್ವಾ?

ಮಾತಾಡಲು ಯಾರನ್ನು ಹುಡುಕುವುದು ಅನ್ನುತ್ತೀರಾ? ಹತ್ತಿರದವರನ್ನೇ ಹಿಡಿಯಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಹೆಸರುವಾಸಿ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ಆ ಪರಿಚಯಸ್ಥರನ್ನು ಆಗಾಗ ಕಾಣುತ್ತಿದ್ದೆವು ಅಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಅಪರೂಪಕ್ಕೋ ಯಾವಾಗಲಾದರೊಮ್ಮೆಯೋ ಸಿಗುವವರಿಂದ. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಲೋಕದಲ್ಲಿ ಓಡಾಡುತ್ತಾರೆ. ನಿಮ್ಮ ಹತ್ತಿರ ಹಳೇ ವಿದ್ಯಾರ್ಥಿಗಳ ಪಟ್ಟಿ ಇದ್ದೇ ಇರುತ್ತದೆ. ಅದೇ ಚಿನ್ನ. ಒಂದು ಎಚ್ಚರ ಮಾತ್ರ ಹೇಳಿ: ಹೋದವರು ಕೆಲಸ ಕೇಳಬಾರದು, ಕೆಲಸದ ಬಗ್ಗೆ ಕೇಳಬೇಕು. ಕೆಲಸ ಕೊಡಿ ಅಂದರೆ ಜನ ಮುದುರಿಕೊಳ್ಳುತ್ತಾರೆ.

ಮಾತಿನ ಮುಂದಿನ ಹೆಜ್ಜೆ, ಎರಡು ದಿನ ಪಕ್ಕದಲ್ಲಿ ಕೂತು ನೋಡುವುದು. ಸಾಧ್ಯವಾದರೆ ಒಂದು ಪುಟ್ಟ ಕೆಲಸ ತಾನೇ ಮಾಡುವುದು. ಇಂಟರ್ನ್‌ಶಿಪ್ ಅಂತ ದೊಡ್ಡ ಹೆಸರು ಬೇಕಿಲ್ಲ. ವಾಪಸ್ ಬಂದ ಮೇಲೆ ಎರಡು ಸಾಲು ಬರೆದಿಡಲಿ. ಎಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ? ಎಲ್ಲಿ ಪದೇ ಪದೇ ಗಡಿಯಾರ ನೋಡಿದೆ? ಎಲ್ಲ ಕೆಲಸದಲ್ಲೂ ರೇಜಿಗೆ ಇರುತ್ತದೆ. ಯಾವ ರೇಜಿಗೆಯನ್ನು ನಾನು ತಡೆದುಕೊಳ್ಳಬಲ್ಲೆ ಅನ್ನುವುದು ಗೊತ್ತಾದರೆ ಅರ್ಧ ದಾರಿ ಸವೆದಂತೆ. ಪ್ರೂಫ್ ನೋಡಿ ನೋಡಿ ನನ್ನ ಕಣ್ಣು ಉರಿಯುತ್ತದೆ, ಆದರೆ ಮನಸ್ಸು ಉರಿಯುವುದಿಲ್ಲ.

ಓದು ಮುಗಿದ ಮರುದಿನವೇ ದುಡಿಯಬೇಕಾದ ಮಕ್ಕಳೂ ನಿಮ್ಮ ತರಗತಿಯಲ್ಲಿ ಇದ್ದಾರು. ಅವರಿಗೆ 'ನಿಧಾನವಾಗಿ ಹುಡುಕು' ಅಂತ ಉಪದೇಶ ಮಾಡಬೇಡಿ. ಸಿಕ್ಕ ಕೆಲಸಕ್ಕೆ ಸೇರಲಿ. ಅಲ್ಲಿ ಅಕ್ಕಪಕ್ಕದ ಮೇಜಿನವರು ಏನು ಮಾಡುತ್ತಾರೆ ಅಂತ ಕಣ್ಣಿಟ್ಟಿರಲಿ. ನನಗೆ ಡೆಸ್ಕ್ ಸಿಕ್ಕಿದ್ದು ಹಾಗೇ ತಾನೇ?

ಈಗ ಆ ಹುಡುಗಿ. ಮೂರು ವರ್ಷ ಹಾಳಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೆರಿಯರ್ ವಿಷಯದಲ್ಲಿ ಆಕಸ್ಮಿಕಗಳ ಪಾತ್ರವನ್ನೇ ಅಧ್ಯಯನ ಮಾಡಿದ ಜಾನ್ ಕ್ರಂಬೋಲ್ಟ್ಸ್ ಸ್ವತಃ ಮನಶ್ಶಾಸ್ತ್ರಕ್ಕೆ ಬಂದದ್ದು ಹೇಗೆ ಗೊತ್ತೇ? ಕಾಲೇಜಿನಲ್ಲಿ ಅವರಿಗೆ ಟೆನಿಸ್ ಕಲಿಸುತ್ತಿದ್ದವರೇ ಮನಶ್ಶಾಸ್ತ್ರದ ಮೇಷ್ಟ್ರೂ ಆಗಿದ್ದರು. ಅಷ್ಟೇ. ಇನ್ನು ನಮ್ಮ ಪತ್ರಿಕೆಯವರ ಕಷ್ಟ ಕೇಳಿ: ವಿಜ್ಞಾನದ ಲೇಖನ ಬಂದರೆ ಅದರಲ್ಲಿ ತಪ್ಪು ಹಿಡಿಯಬಲ್ಲವರು ಸಿಗುವುದಿಲ್ಲ. ಚೆನ್ನಾಗಿ ಬರೆಯುವವರಿಗೆ ಕೆಮಿಸ್ಟ್ರಿ ಬರುವುದಿಲ್ಲ, ಕೆಮಿಸ್ಟ್ರಿ ಬಲ್ಲವರು ಬರೆಯಲು ಒಪ್ಪುವುದಿಲ್ಲ.

ಆದರೆ ನಾನು ಹೀಗೆ ಹೇಳಿದೆ ಅಂತ ಅವಳು ಖುಷಿಪಟ್ಟು ನಾಳೆಯೇ ಪತ್ರಿಕೆಗೆ ಸೇರುವ ಕನಸು ಕಾಣುವುದೂ ಬೇಡ. ಅವಳಿಗೆ ಇಷ್ಟವಿರುವುದು ಬರೆಯುವುದೋ, ಬರೆದವಳು ಅನ್ನಿಸಿಕೊಳ್ಳುವುದೋ ಇನ್ನೂ ಗೊತ್ತಿಲ್ಲ. ನನಗೂ ಆ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಮುಂದಿನ ಸಂಚಿಕೆಯ ಪುಟಗಳು ಅಚ್ಚಿಗೆ ಹೋಗುವ ಮುಂಚಿನ ಎರಡು ದಿನ ನಮ್ಮ ಕಚೇರಿಗೆ ಕಳಿಸಿ. ಎಲ್ಲರೂ ಸಿಡಿಮಿಡಿ ಅನ್ನುವ ದಿನಗಳವು. ನೋಡುವುದಾದರೆ ಅವನ್ನೇ ನೋಡಲಿ. ನೀರಿನ ಬಗ್ಗೆ ಒಂದು ಲೇಖನ ಬಂದು ಕೂತಿದೆ, ಅದರಲ್ಲಿರುವ ಸೂತ್ರಗಳ ಮೇಲೆ ನನಗೆ ಅನುಮಾನ. ಕೆಂಪು ಪೆನ್ನು ಇಲ್ಲೇ ಇದೆ.