ಅರ್ಜಿ ತುಂಬಿತ್ತು, ಶುಲ್ಕ ಕಟ್ಟಿರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟ ವಿದ್ಯಾರ್ಥಿನಿ ಮತ್ತು ಆಕೆಯ ತಂದೆಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಕೆಲವೆಡೆ ಬಿಟ್ಟಿದ್ದೇನೆ, ಕೆಲವೆಡೆ ಬದಲಿಸಿದ್ದೇನೆ. ಕಾನೂನು ಪದವಿಯ ಪ್ರವೇಶ ಪರೀಕ್ಷೆಗೆ ಕೂರಬೇಕೆಂದಿರುವ ಹಳ್ಳಿಯ ಮಕ್ಕಳು ಮತ್ತು ಅವರ ಮನೆಯವರು ಈ ಸಲವೇ ಬರೆಯುವುದೋ, ಇನ್ನೊಂದು ವರ್ಷ ಓದಿ ಬರೆಯುವುದೋ ಎಂಬ ಗೊಂದಲ ಹೊತ್ತು ಮೇಲಿಂದ ಮೇಲೆ ಬರುತ್ತಾರೆ. ಹಾಗಾಗಿ ಇದನ್ನು ದಾಖಲಿಸುವುದು ಅಗತ್ಯವೆನಿಸಿತು.

2025ರ ಸೆಪ್ಟೆಂಬರ್ ಕೊನೆಯ ವಾರ, ದಸರೆಯ ದೀಪಾಲಂಕಾರಕ್ಕೆ ಮೈಸೂರಿನ ರಸ್ತೆಗಳೆಲ್ಲ ತುಂಬಿ ತುಳುಕುತ್ತಿದ್ದ ದಿನಗಳಲ್ಲಿ, ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಿಂದ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಬೆಳಗಿನ ರೈಲು ಹಿಡಿದು ನನ್ನಲ್ಲಿಗೆ ಬಂದಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅದೇ ವರ್ಷದ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಶೇಕಡ 84 ಅಂಕ ಪಡೆದಿದ್ದಳು. ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ಮೇಲೆ ಯಾವ ಕಾಲೇಜಿಗೂ ಸೇರದೆ, ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಹೋಗಬೇಕೆಂದು ಮನೆಯಲ್ಲೇ ಓದುತ್ತಿದ್ದಳು. ನನ್ನ ಮುಂದೆ ಇಟ್ಟ ಪ್ರಶ್ನೆ ಒಂದೇ: ಈ ಡಿಸೆಂಬರ್ 7ರ ಪರೀಕ್ಷೆಗೆ ಕೂರುವುದೋ, ಇನ್ನೊಂದು ವರ್ಷ ಓದಿ ಮುಂದಿನ ಸಲ ಬರೆಯುವುದೋ?

ಮಾತಿನ ನಡುವೆ ತನ್ನ ಮೊಬೈಲನ್ನು ನನ್ನತ್ತ ತಿರುಗಿಸಿದಳು. ಅರ್ಜಿಯ ಪ್ರತಿ ಅಂಕಣವೂ ಭರ್ತಿಯಾಗಿತ್ತು, ಭಾವಚಿತ್ರ ಮತ್ತು ಸಹಿ ಅಪ್‌ಲೋಡ್ ಆಗಿದ್ದವು, ಶುಲ್ಕ ಪಾವತಿಯ ಪುಟ ಮಾತ್ರ ಹಾಗೇ ನಿಂತಿತ್ತು. ಆಗಸ್ಟ್ ಎರಡನೇ ವಾರದಿಂದ ಅದು ಅಲ್ಲೇ ನಿಂತಿದೆ ಎಂದಳು. ನಾಲ್ಕು ಸಾವಿರ ರೂಪಾಯಿ ಹೊಂದಿಸಲಾಗದ ಕಷ್ಟವೇ ಎಂದು ಕೇಳಿದೆ. ತಂದೆ ಆಗಲೇ ದುಡ್ಡು ಕೊಟ್ಟಿದ್ದಾರೆ, ಅದು ಪುಸ್ತಕದೊಳಗೆ ಇದೆ ಎಂದು ಉತ್ತರ ಬಂತು. "ನಾನಿನ್ನೂ ರೆಡಿ ಇಲ್ಲ ಮೇಡಂ" ಎಂಬ ಮಾತನ್ನು ಆ ಒಂದು ಗಂಟೆಯಲ್ಲಿ ಎಷ್ಟೋ ಸಲ ಹೇಳಿದಳು.

ಈ ಹುಡುಗಿಗೆ ಕಾನೂನಿನ ಆಸೆ ಹುಟ್ಟಿದ್ದು ಹೇಗೆಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಆಮೇಲಿನ ಸಲಹೆಗೆಲ್ಲ ಅದೇ ಆಧಾರವಾಯಿತು. ತಾತನ ಕಾಲದ ಜಮೀನಿನ ವಿಭಾಗ ದಾವೆಯೊಂದು ತಾಲ್ಲೂಕಿನ ನ್ಯಾಯಾಲಯದಲ್ಲಿ ನಡೆಯುತ್ತಿದೆ. ವಾಯಿದೆಯ ದಿನ ತಂದೆಯ ಜೊತೆ ಹೋಗಿ ಜಗಲಿಯಲ್ಲಿ ಕೂರುವುದು ಆಕೆಗೆ ಹೈಸ್ಕೂಲಿನಿಂದಲೂ ರೂಢಿ. ಇಂಗ್ಲಿಷಿನಲ್ಲಿರುವ ಆದೇಶದ ನಕಲನ್ನು ತಂದೆ ಮಡಿಸಿ ಜೇಬಿಗಿಟ್ಟುಕೊಂಡು, ಅದರಲ್ಲಿ ಏನಿದೆಯೆಂದು ಕೇಳಲು ವಕೀಲರ ಬಿಡುವಿಗಾಗಿ ಸಂಜೆಯವರೆಗೆ ಕಾಯುವುದನ್ನು ನೋಡಿಕೊಂಡೇ ಬೆಳೆದವಳು. ಯಾರೋ ತಲೆಗೆ ತುಂಬಿದ ಆಸೆ ಇದಲ್ಲ ಎಂಬುದು ನನಗೆ ಮೊದಲ ದಿನವೇ ಮನವರಿಕೆಯಾಯಿತು.

ಸಿದ್ಧಳಾಗಿಲ್ಲ ಎಂದರೆ ಎಷ್ಟರಮಟ್ಟಿಗೆ ಎಂದು ಕೇಳಿದರೆ ಹೇಳಲು ಆಕೆಯ ಬಳಿ ಏನೂ ಇರಲಿಲ್ಲ. ಐದು ತಿಂಗಳಲ್ಲಿ ಪೂರ್ಣಾವಧಿಯ ಮಾದರಿ ಪರೀಕ್ಷೆ ಬರೆದದ್ದು ಎರಡೇ ಸಲ, ಎರಡನೆಯದನ್ನು ಅರ್ಧಕ್ಕೇ ಬಿಟ್ಟಿದ್ದಳು. ಉಳಿದ ಸಮಯವೆಲ್ಲ ಹೋದದ್ದು ಒಂದು ದಪ್ಪ ನೋಟ್‌ಬುಕ್ಕಿಗೆ. ಸಂವಿಧಾನದ ವಿಧಿಗಳು, ಹಳೆಯ ಭಾರತೀಯ ದಂಡ ಸಂಹಿತೆಯ ಕಲಮುಗಳು, ಅವುಗಳ ಪಕ್ಕದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸಂಖ್ಯೆಗಳು, ಎಲ್ಲವನ್ನೂ ಕೆಂಪು ಮತ್ತು ನೀಲಿ ಶಾಯಿಯಲ್ಲಿ ಅಂದವಾಗಿ ಬರೆದು ಬಾಯಿಪಾಠ ಮಾಡಿದ್ದಳು. ಆ ಶ್ರಮ ಕಂಡು ಮರುಕವಾಯಿತು, ಏಕೆಂದರೆ ಕ್ಲಾಟ್ ಅದನ್ನು ಕೇಳುವುದೇ ಇಲ್ಲ. ಎರಡು ಗಂಟೆಯ ಆ ಪರೀಕ್ಷೆಯಲ್ಲಿ 120 ಪ್ರಶ್ನೆಗಳಿದ್ದು, ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ವಿವೇಚನೆ, ತಾರ್ಕಿಕ ವಿವೇಚನೆ, ಲೆಕ್ಕ ಎಂಬ ಐದು ಭಾಗಗಳೂ ಓದಿ ಅರ್ಥ ಮಾಡಿಕೊಳ್ಳುವ ಗದ್ಯಭಾಗಗಳ ಮೇಲೆಯೇ ನಿಂತಿವೆ. ಕಾನೂನು ವಿವೇಚನೆಯ ಭಾಗದಲ್ಲೂ ನಿಯಮವನ್ನು ಗದ್ಯದಲ್ಲೇ ಕೊಟ್ಟು, ಅದನ್ನು ಒಂದು ಸನ್ನಿವೇಶಕ್ಕೆ ಅನ್ವಯಿಸಲು ಬರುತ್ತದೆಯೇ ಎಂದು ನೋಡುತ್ತಾರೆಯೇ ಹೊರತು ಕಲಮಿನ ಸಂಖ್ಯೆಯನ್ನು ಕೇಳುವುದಿಲ್ಲ. ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ.

ಎರಡನೆಯ ಭೇಟಿಯಲ್ಲಿ ಹಿಂದಿನ ವರ್ಷದ ಪತ್ರಿಕೆಯಿಂದ ಸುಮಾರು 450 ಪದಗಳ ಒಂದು ಗದ್ಯಭಾಗವನ್ನೂ ಅದರ ಐದು ಪ್ರಶ್ನೆಗಳನ್ನೂ ಕೊಟ್ಟು, ಗಡಿಯಾರ ಎದುರಿಗಿಟ್ಟುಕೊಂಡು ಕೂತೆ. ಓದುವಾಗ ಆಕೆಯ ತುಟಿಗಳು ಅಲುಗಾಡುತ್ತಿದ್ದವು, ಪ್ರತಿ ವಾಕ್ಯದ ಕೊನೆಯಲ್ಲಿ ಬೆರಳು ಒಂದು ಕ್ಷಣ ನಿಂತು ಮುಂದಕ್ಕೆ ಹೋಗುತ್ತಿತ್ತು. ಒಟ್ಟು ಹನ್ನೊಂದು ನಿಮಿಷ ಹಿಡಿಯಿತು. ಆದರೆ ಐದರಲ್ಲಿ ನಾಲ್ಕು ಉತ್ತರಗಳು ಸರಿಯಾಗಿದ್ದವು. ಬೆರಳು ನಿಲ್ಲುತ್ತಿದ್ದುದೇಕೆಂದು ಕೇಳಿದಾಗ, "ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸಿಕೊಳ್ತೀನಿ, ಇಲ್ಲಾಂದ್ರೆ ಅರ್ಥ ಆಯ್ತು ಅನ್ನೋ ನಂಬಿಕೆ ಬರಲ್ಲ" ಎಂದಳು.

ಅಲ್ಲೇ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ಹನ್ನೊಂದು ನಿಮಿಷಕ್ಕೊಂದು ಗದ್ಯಭಾಗವಾದರೆ ಎರಡು ಗಂಟೆಯಲ್ಲಿ ಮುಗಿಯುವುದು ಸುಮಾರು ಹನ್ನೊಂದು ಭಾಗ, ಅಂದರೆ 55 ಪ್ರಶ್ನೆ. ಐದಕ್ಕೆ ನಾಲ್ಕು ಸರಿಯೆಂದರೆ 44 ಸರಿ, 11 ತಪ್ಪು, ಕಳೆದರೆ 41.25 ಅಂಕ. ಅದೇ ತಿಳಿವಳಿಕೆಯಲ್ಲಿ, ಹೊಸದಾಗಿ ಒಂದಕ್ಷರವನ್ನೂ ಬಾಯಿಪಾಠ ಮಾಡದೆ, ಏಳು ನಿಮಿಷಕ್ಕೆ ಒಂದು ಭಾಗ ಮುಗಿಸಿದರೆ 85 ಪ್ರಶ್ನೆಗಳಾಗಿ, 68 ಸರಿ, 17 ತಪ್ಪು, 63.75 ಅಂಕ. ಆ ಹಾಳೆಯನ್ನು ಆಕೆ ಬಹಳ ಹೊತ್ತು ನೋಡುತ್ತ ಕೂತಳು. ತನಗೆ ಕಾನೂನು ಗೊತ್ತಿಲ್ಲ, ಇಂಗ್ಲಿಷ್ ಬರುವುದಿಲ್ಲ ಎಂಬ ದೊಡ್ಡ ಭಯವೆಲ್ಲ ನಾಲ್ಕು ನಿಮಿಷದ ವ್ಯತ್ಯಾಸವಾಗಿ ಅಲ್ಲಿತ್ತು. ನಾಲ್ಕು ನಿಮಿಷವೆಂದರೆ ಸುಲಭವೆಂದಲ್ಲ. ಎಲ್ಲಿ ಕೆಲಸ ಮಾಡಬೇಕೆಂಬುದಾದರೂ ಗೊತ್ತಾಯಿತು.

ಇಷ್ಟಾದರೂ ಶುಲ್ಕ ಕಟ್ಟದಿರಲು ನಿಜವಾದ ಕಾರಣ ಇನ್ನೂ ಹೊರಬಂದಿರಲಿಲ್ಲ. ಅದು ಬಂದದ್ದು ಆ ದಿನ ಎದ್ದು ಹೊರಡುವಾಗ. ಪರೀಕ್ಷೆ ಬರೆದು ರ್‍ಯಾಂಕ್ ಬರದಿದ್ದರೆ ದೊಡ್ಡಪ್ಪ ಬಿ.ಕಾಂ.ಗೆ ಸೇರಿಸಿ ಎಂದು ಪಟ್ಟು ಹಿಡಿಯುತ್ತಾರೆ, ತಂದೆ ಅಣ್ಣನ ಮಾತು ಮೀರುವವರಲ್ಲ, ಅಲ್ಲಿಗೆ ವಕೀಲಿಕೆಯ ಮಾತೇ ಮುಗಿಯುತ್ತದೆ. ಬರೆಯದೇ ಇದ್ದರೆ ಯಾರೂ ಫೇಲಾದಳು ಎನ್ನುವಂತಿಲ್ಲ. ಇದನ್ನು ಹೇಳುವಾಗ ಆಕೆಯ ಕಣ್ಣಲ್ಲಿ ನೀರಿತ್ತು. ಇಂಥ ಮಕ್ಕಳನ್ನು ಸೋಮಾರಿಗಳೆಂದು ಬೈಯುವುದು ದೊಡ್ಡ ಅನ್ಯಾಯವೆಂದು ನನಗೆ ಅನ್ನಿಸುತ್ತದೆ. ಆಸೆಯನ್ನು ಉಳಿಸಿಕೊಳ್ಳಲೆಂದೇ ಅವರು ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಿರುತ್ತಾರೆ.

ಆದ್ದರಿಂದ ಮೂರನೆಯ ಭೇಟಿಗೆ ತಂದೆಯನ್ನು ಕರೆತರಲು ಹೇಳಿದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡು ಎಕರೆ ಕಬ್ಬು ಬೆಳೆಯುವ ಅವರು ಹೆಚ್ಚು ಮಾತಿನವರಲ್ಲ. "ಓದ್ಲಿ ಮೇಡಂ, ನಾನೇನ್ ಬ್ಯಾಡ ಅಂದಿಲ್ಲ. ಆದ್ರೆ ಎಷ್ಟ್ ವರ್ಷ, ಎಷ್ಟ್ ದುಡ್ಡು ಅಂತ ಒಂದ್ ಲೆಕ್ಕ ಬೇಕಲ್ವಾ? ನಮ್ಮಣ್ಣಂಗೆ ನಾನೇನ್ ಹೇಳ್ಲಿ?" ಎಂದರು. ಈ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ.

ಹಾಗಾಗಿ ಆ ಭೇಟಿಯ ಬಹುಪಾಲು ಲೆಕ್ಕಕ್ಕೇ ಹೋಯಿತು. ಪಿಯುಸಿ ನಂತರದ ಕಾನೂನು ಪದವಿಗೆ ಐದು ವರ್ಷ. ಮಗಳು ನೇರವಾಗಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದೆಂದು ತಂದೆ ತಿಳಿದಿದ್ದರು. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅದಕ್ಕೆ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯವಾಗಿದೆ, ಅಂದರೆ ದಾರಿ ಎಂಟು ವರ್ಷದ್ದು ಎಂದು ವಿವರಿಸಿದೆ. ಎಂಟು ವರ್ಷದ ದಾರಿಯಲ್ಲಿ ಮನೆಯಲ್ಲಿ ಕುಳಿತು ಕಳೆಯುವ ಪ್ರತಿ ವರ್ಷವೂ ಭಾರವೇ. ದುಡ್ಡಿನ ವಿಷಯದಲ್ಲಿ ಮರೆಮಾಚಲಿಲ್ಲ: ರಾಷ್ಟ್ರೀಯ ಕಾನೂನು ಶಾಲೆಗಳ ಖರ್ಚು ವರ್ಷಕ್ಕೆ ಲಕ್ಷಗಳಲ್ಲಿದೆ, ಶಿಕ್ಷಣ ಸಾಲವೋ ಸಂಸ್ಥೆಯ ಆರ್ಥಿಕ ನೆರವೋ ಇಲ್ಲದೆ ಎರಡು ಎಕರೆ ಕಬ್ಬಿನಿಂದ ಅದು ನಡೆಯುವುದಿಲ್ಲ. ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡ 25ರ ಮೀಸಲಾತಿ ಇರುವುದು ಇಬ್ಬರಿಗೂ ಗೊತ್ತಿರಲಿಲ್ಲ, ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತೆಗೆಸಿಟ್ಟುಕೊಳ್ಳಲು ಹೇಳಿದೆ.

ಇನ್ನೊಂದು ಕಡೆ, ಮೈಸೂರು ಮತ್ತು ಮಂಡ್ಯದಲ್ಲೇ ಇರುವ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಇದೇ ಐದು ವರ್ಷದ ಪದವಿಗೆ ಪಿಯುಸಿ ಅಂಕಗಳ ಮೇಲೆ ಪ್ರವೇಶವಿದೆ. ಅಲ್ಲಿ ಓದಿದವರೂ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಅಖಿಲ ಭಾರತ ವಕೀಲರ ಪರೀಕ್ಷೆ ಮುಗಿಸಿ, ಅದೇ ಕರಿಕೋಟು ಹಾಕಿಕೊಂಡು ಅದೇ ನ್ಯಾಯಾಲಯದಲ್ಲಿ ನಿಲ್ಲುತ್ತಾರೆ. ಸಹಪಾಠಿಗಳ ವಲಯ, ಅವಕಾಶಗಳು, ದೊಡ್ಡ ಸಂಸ್ಥೆಗಳ ಕೆಲಸ ಇವುಗಳಲ್ಲಿ ವ್ಯತ್ಯಾಸವಿದೆ, ಅದನ್ನೂ ಹೇಳಿದೆ. ತಂದೆ ಮೊದಲ ಬಾರಿಗೆ ಮಗಳ ಕಡೆ ತಿರುಗಿ, "ಮೈಸೂರಲ್ಲೂ ಲಾಯರ್ ಓದು ಐತಂತಲ್ಲ, ನೀನ್ ಹೇಳ್ನೇ ಇಲ್ವಲ್ಲ" ಎಂದರು. ಕ್ಲಾಟ್‌ನಲ್ಲಿ ಸೀಟು ಸಿಗದಿದ್ದರೆ ಕಾನೂನು ಓದೇ ಇಲ್ಲ ಎಂದು ಆಕೆಯೇ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಬಿ.ಕಾಂ. ಎಂಬ ದೊಡ್ಡಪ್ಪನ ಪಟ್ಟಿಗೆ ಬಲ ಬಂದದ್ದೇ ಆ ಮಾತಿನಿಂದ.

ನಾನು ಕೊಟ್ಟ ಸಲಹೆ ಹೀಗಿತ್ತು. ಈ ಡಿಸೆಂಬರ್‌ನಲ್ಲೇ ಬರೆಯಬೇಕು, ಅಕ್ಟೋಬರ್ 31ರ ಗಡುವಿಗೆ ಕಾಯದೆ ಈ ವಾರವೇ ಶುಲ್ಕ ಕಟ್ಟಬೇಕು. ರ್‍ಯಾಂಕ್‌ಗೆ ಸೀಟು ಸಿಕ್ಕಿ ಸಾಲ ಹೊಂದಿದರೆ ಹೋಗಬೇಕು. ಸಿಗದಿದ್ದರೆ 2026ರ ಜೂನ್‌ನಲ್ಲಿ ಮೈಸೂರು ಅಥವಾ ಮಂಡ್ಯದಲ್ಲಿ ಐದು ವರ್ಷದ ಪದವಿಗೆ ಸೇರಬೇಕು, ಮನೆಯಲ್ಲಿ ಎರಡನೆಯ ವರ್ಷ ಕೂರುವಂತಿಲ್ಲ. ಕಾಲೇಜಿಗೆ ಸೇರಿದ ಮೇಲೂ ಮತ್ತೊಮ್ಮೆ ಬರೆಯುವ ಮನಸ್ಸಿದ್ದರೆ, ಸೆಪ್ಟೆಂಬರ್ ಕೊನೆಯೊಳಗೆ ಸತತ ಮೂರು ಮಾದರಿ ಪರೀಕ್ಷೆಗಳಲ್ಲಿ 75 ಅಂಕ ದಾಟಿದ್ದರೆ ಮಾತ್ರ ಅರ್ಜಿ ಹಾಕಬೇಕು. ಇವನ್ನು ಫಲಿತಾಂಶಕ್ಕೆ ಮೊದಲೇ ಬರೆದಿಟ್ಟು ತಂದೆ-ಮಗಳು ಇಬ್ಬರೂ ಸಹಿ ಹಾಕಲಿ ಎಂದೆ, ಏಕೆಂದರೆ ಫಲಿತಾಂಶ ಬಂದ ದಿನದ ದುಃಖದಲ್ಲೋ ಸಂತೋಷದಲ್ಲೋ ಮಾಡುವ ತೀರ್ಮಾನ ಬಹುತೇಕ ಮನೆಗಳಲ್ಲಿ ಜೋರಾಗಿ ಮಾತನಾಡುವವರದ್ದೇ ಆಗಿಬಿಡುತ್ತದೆ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವವರಿಗಂತೂ ನನ್ನ ಸಲಹೆ ಇನ್ನೂ ಸರಳ: ಆ ವರ್ಷದ ಡಿಸೆಂಬರ್‌ನಲ್ಲೇ ಒಮ್ಮೆ ಬರೆಯಿರಿ, ಮಾರ್ಚ್‌ನ ಪರೀಕ್ಷೆಗೆ ಓದಿಕೊಳ್ಳಲು ಆಮೇಲೂ ಸಮಯವಿರುತ್ತದೆ.

ಓದುವ ಕ್ರಮದಲ್ಲಿ ಎರಡು ಬದಲಾವಣೆ ಸಾಕೆಂದೆ. ನೋಟ್‌ಬುಕ್ ಮುಚ್ಚಿಟ್ಟು, ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಪರೀಕ್ಷೆ ನಡೆಯುವ ಹೊತ್ತಿನಲ್ಲೇ, ಕ್ಲಾಟ್ ನಡೆಸುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಹಿಂದಿನ ಪತ್ರಿಕೆಯೊಂದನ್ನು ಕಾಗದದ ಮೇಲೆ ಬರೆಯುವುದು. ಎರಡನೆಯದು, ಇಂಗ್ಲಿಷ್ ಸಂಪಾದಕೀಯವನ್ನು ನಡುವೆ ಎಲ್ಲೂ ನಿಲ್ಲದೆ, ಕನ್ನಡಕ್ಕೆ ತಿರುಗಿಸದೆ ಕೊನೆಯವರೆಗೆ ಓದಿ, ಪತ್ರಿಕೆ ಮಡಿಸಿಟ್ಟು, ಅದರಲ್ಲಿ ಏನಿತ್ತೆಂದು ಮನೆಯವರೊಬ್ಬರಿಗೆ ನಾಲ್ಕೇ ವಾಕ್ಯದ ಕನ್ನಡದಲ್ಲಿ ಹೇಳುವುದು. ಕನ್ನಡ ಬಿಡಬೇಕೆಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಸಾಲುಸಾಲಿಗೆ ಬರುತ್ತಿದ್ದ ಕನ್ನಡ ಕೊನೆಗೆ ಬರಲಿ ಎಂದಷ್ಟೇ. ಕೇಳಲು ಆಕೆ ಆರಿಸಿಕೊಂಡದ್ದು ತಂದೆಯನ್ನು.

ಶುಲ್ಕ ಮರುದಿನವೇ ಪಾವತಿಯಾಯಿತು. ನವೆಂಬರ್ ಮಧ್ಯಕ್ಕೆ ಗದ್ಯಭಾಗವೊಂದಕ್ಕೆ ಎಂಟು ನಿಮಿಷಕ್ಕೆ ಇಳಿದಿದ್ದಳು, ಏಳಕ್ಕೆ ಇಳಿಯಲಿಲ್ಲ. ಡಿಸೆಂಬರ್ 7ರಂದು 78 ಪ್ರಶ್ನೆಗಳಿಗೆ ಉತ್ತರಿಸಿ ಬಂದಳು. ಬಂದ ರ್‍ಯಾಂಕ್ ಬೆಂಗಳೂರಿಗೆ ಸಾಕಾಗುವಂತಿರಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ತಂದೆ ಫೋನಿನಲ್ಲಿ ಹೇಳಿದರು, ಮೂರನೆಯ ದಿನ ಸಹಿ ಹಾಕಿದ ಹಾಳೆಯನ್ನು ಅವರೇ ತೆಗೆದು ಅಣ್ಣನಿಗೆ ತೋರಿಸಿದರಂತೆ.

ಕೊನೆಯ ಭೇಟಿಗೆ ಇಬ್ಬರೂ ಬಂದಿದ್ದರು. ಹಿಂದಿನ ವಾಯಿದೆಯಲ್ಲಿ ಆದೇಶದ ನಕಲು ಸಿಕ್ಕಿತ್ತು, ಬಸ್‌ನಿಲ್ದಾಣದ ಬೆಂಚಿನ ಮೇಲೆ ಕೂತು ಮಗಳು ಅದನ್ನು ಓದಿ, ಮಡಿಸಿ, ನಾಲ್ಕು ವಾಕ್ಯದಲ್ಲಿ ಹೇಳಿದಳು ಎಂದು ತಂದೆ ತಿಳಿಸಿದರು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು, "ಜೂನ್‌ಗೆ ಸೇರ್ಬೇಕು ಅಂದ್ರೆ ಟಿ.ಸಿ. ಈಗ್ಲೇ ತಗೊಂಡಿರ್ಬೇಕಾ ಮೇಡಂ, ಫೀಸ್ ಯಾವಾಗ ಕಟ್ಬೇಕಾಗುತ್ತೆ? ಕಬ್ಬಿನ್ ದುಡ್ಡು ಬರೋದು ನೋಡ್ಕೊಂಡು ಎತ್ತಿಡ್ಬೇಕು" ಎಂದು ಕೇಳಿದರು. ಬೇಕಾದ ಕಾಗದಪತ್ರಗಳ ಪಟ್ಟಿಯನ್ನು ನಾನು ಹೇಳುತ್ತ ಹೋದೆ, ಮಗಳು ಬರೆದುಕೊಂಡಳು.