ಎಎಲ್‌ಟಿ ಸರಿಯಿದೆ, ಎಚ್‌ಬಿಎಸ್‌ಎಜಿ ಪಾಸಿಟಿವ್: ನಿಮ್ಮ ಪ್ರಶ್ನೆಗೆ

ರಕ್ತದಾನದ ತಪಾಸಣೆಯಲ್ಲಿ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್‌ನ ಹೊರಪದರದ ಪ್ರೋಟೀನ್) ಪಾಸಿಟಿವ್ ಬಂದಿದೆ, ಎಎಲ್‌ಟಿ (ಯಕೃತ್ತಿನ ಕೋಶಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ಮಾತ್ರ 28, ಕಾಮಾಲೆಯೂ ಇಲ್ಲ, ವರದಿಯೇ ತಪ್ಪಿರಬಹುದೇ ಎಂದು ಕೇಳಿದ್ದೀರಿ. ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ, ಸರಿ. ಆದರೆ ಎಎಲ್‌ಟಿ ಸರಿಯಿದೆ ಎಂಬುದನ್ನೇ ತಪ್ಪಿಗೆ ಸಾಕ್ಷಿ ಮಾಡಿಕೊಳ್ಳಬೇಡಿ. ಈ ವೈರಸ್ ಯಕೃತ್ತಿನ ಕೋಶಗಳನ್ನು ಬಹುಪಾಲು ತಾನಾಗಿ ಕೊಲ್ಲುವುದಿಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆ ಸೋಂಕಿತ ಕೋಶಗಳ ಮೇಲೆ ಎರಗಿದಾಗ ಎಎಲ್‌ಟಿ ಏರುತ್ತದೆ. ಆ ವ್ಯವಸ್ಥೆ ಸುಮ್ಮನಿದ್ದರೆ ಅಂಕಿಯೂ ಸುಮ್ಮನಿರುತ್ತದೆ.

ಎಚ್‌ಬಿಎಸ್‌ಎಜಿ 6 ತಿಂಗಳು ದಾಟಿಯೂ ಉಳಿದರೆ ಅದು ದೀರ್ಘಕಾಲದ ಸೋಂಕು. ಈಗ ಕೇಳಿ ಮಾಡಿಸಬೇಕಾದದ್ದು ಎಚ್‌ಬಿಇಎಜಿ (ವೈರಸ್ ಚುರುಕಾಗಿ ವೃದ್ಧಿಸುವಾಗ ರಕ್ತದಲ್ಲಿ ಕಾಣುವ ಅದರ ಇನ್ನೊಂದು ಪ್ರೋಟೀನ್), ಆಂಟಿ-ಎಚ್‌ಬಿಇ (ಆ ಪ್ರೋಟೀನಿನ ವಿರುದ್ಧದ ಪ್ರತಿಕಾಯ), ಮುಖ್ಯವಾಗಿ ಎಚ್‌ಬಿವಿ ಡಿಎನ್‌ಎ ಪ್ರಮಾಣ (ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಎಷ್ಟಿದೆ ಎಂಬುದು). ಎಚ್‌ಬಿಇಎಜಿ ನೆಗೆಟಿವ್ ಎಂದ ಮಾತ್ರಕ್ಕೆ ನಿರಾಳವಾಗಬೇಡಿ: ಆ ಪ್ರೋಟೀನನ್ನೇ ತಯಾರಿಸದ ರೂಪಾಂತರಿ ವೈರಸ್ ಇದ್ದು, ಡಿಎನ್‌ಎ ಹೆಚ್ಚಿರುವ ಉದಾಹರಣೆಗಳು ನಮ್ಮಲ್ಲಿ ಅಪರೂಪವಲ್ಲ. ಡಿಎನ್‌ಎ ಮಿಲಿಲೀಟರಿಗೆ 2000 ಐಯುಗಿಂತ ಕಡಿಮೆಯಿದ್ದು, ಎಎಲ್‌ಟಿ ಒಂದು ವರ್ಷ ಮತ್ತೆ ಮತ್ತೆ ನೋಡಿದಾಗಲೂ ಸರಿಯಿದ್ದರೆ ಸಮಾಧಾನಪಡಬಹುದು. ಪ್ಲೇಟ್‌ಲೆಟ್ ಎಣಿಕೆ ಇಳಿಯುತ್ತಿದ್ದರೆ ಯಕೃತ್ತು ಗಡುಸಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಿ.

ತಾಯಿ, ಒಡಹುಟ್ಟಿದವರು, ಬಾಳಸಂಗಾತಿ, ಮಕ್ಕಳನ್ನು ಪರೀಕ್ಷಿಸಿ. ಸೋಂಕಿಲ್ಲದೆ ರಕ್ಷಣೆಯೂ ಇಲ್ಲದವರಿಗೆ ಲಸಿಕೆ ಕೊಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ತಪಾಸಣೆ, ಔಷಧ ಉಚಿತ. ಮುಂದೆಂದಾದರೂ ಸ್ಟಿರಾಯ್ಡ್ ಅಥವಾ ಕೀಮೋಥೆರಪಿ ಬೇಕಾದರೆ ಈ ವರದಿಯನ್ನು ವೈದ್ಯರಿಗೆ ಮೊದಲೇ ತೋರಿಸಿ. ಮಲಗಿದ್ದ ವೈರಸ್ ಆಗ ಏಳಬಹುದು.